ಬಲ್ಬಿನ ಕಪಾಟು

ಮೆಲ್ಕಾರಿನಲ್ಲಿ ಅಪ್ಪನದೊಂದು ಫೋಟೋ ಸ್ಟುಡಿಯೋ ಉಂಟು. ಅದರ ಹಿಂದಿನ ಕೋಣೆಯಲ್ಲಿ ಒಂದು ಮರದ ಕಪಾಟು, ಕಪಾಟಿನೊಳಗೆ ಮೇಲ್ಗಡೆ ಒಂದು ಬಲ್ಬು. ಜೂನ್ ಶುರುವಾಯಿತೆಂದರೆ ಆ ಬಲ್ಬು ಹಗಲೂ ರಾತ್ರಿ ಉರಿಯಬೇಕು. ಇದು ನಮ್ಮ ಕರಾವಳಿಯ ಹಳೆಯ ಫೋಟೋಗ್ರಾಫರುಗಳಿಗೆಲ್ಲ ಗೊತ್ತಿರುವ ಸಂಗತಿ. ಗಾಳಿಯಲ್ಲಿ ತೇವ ತುಂಬಿಕೊಂಡಾಗ ಲೆನ್ಸಿನ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಫಂಗಸ್ ಹಬ್ಬುತ್ತದೆ, ಒಮ್ಮೆ ಹಬ್ಬಿದರೆ ಆ ಲೆನ್ಸಿನ ಕತೆ ಮುಗಿಯಿತು. ಬಲ್ಬಿನ ಬಿಸಿಗೆ ಕಪಾಟಿನೊಳಗಿನ ಗಾಳಿ ಒಣಗಿರುತ್ತದೆ. ಈಗಿನ ಎಲ್‌ಇಡಿ ಬಲ್ಬು ಬಿಸಿಯಾಗುವುದಿಲ್ಲವಲ್ಲ, ಅದಕ್ಕೆ ಅಪ್ಪ ಹಳೆಯ ಗಾಜಿನ ಬಲ್ಬುಗಳನ್ನು ಬಿ.ಸಿ.ರೋಡಿನ ಅಂಗಡಿಗಳಲ್ಲಿ ಹುಡುಕಿ ತಂದು ಮೇಜಿನ ಖಾನೆಯಲ್ಲಿ ಕೂಡಿಟ್ಟಿದ್ದರು. "ಮನೆಯಲ್ಲಿ ನನ್ನ ಬಟ್ಟೆ ಒಣಗುದಿಲ್ಲ, ಇವರ ಕ್ಯಾಮೆರಾಕ್ಕೆ ಮಾತ್ರ ಬಾಣಂತಿ ಆರೈಕೆ" ಅಂತ ಅಮ್ಮ ಪ್ರತಿ ಮಳೆಗಾಲವೂ ಗೊಣಗುತ್ತಿದ್ದಳು.

ಆ ಕಪಾಟಿನಲ್ಲಿಟ್ಟ ಒಂದು ಲೆನ್ಸು ಈಗ ಆಕಾಶದಲ್ಲಿ ಭೂಮಿಯ ಸುತ್ತ ತಿರುಗುತ್ತಿದೆ. ಅದನ್ನು ನೆನೆದರೆ ಜನ ಹೆಮ್ಮೆಪಡುತ್ತಾರೆ. ನಾನು ಮಾತು ಬದಲಿಸುತ್ತೇನೆ.

ನಾನು ಓದಿದ್ದು ಮೂಡುಬಿದಿರೆ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ. ಓದು ಮುಗಿದ ಮೇಲೆ ಅಲ್ಲೇ ಪ್ರಾಜೆಕ್ಟಿನ ಕೆಲಸಕ್ಕೆ ನಿಂತೆ. ವಿಶ್ವವಿದ್ಯಾಲಯದ ಹೆಸರಿನಲ್ಲಿ ಒಂದು ಪುಟ್ಟ ಉಪಗ್ರಹ ಮಾಡುವುದು, ಮೇಲಿನಿಂದ ನಮ್ಮ ನೆಲದ ಚಿತ್ರ ತೆಗೆಯುವುದು, ಇದು ಪ್ರಾಜೆಕ್ಟು. ಪುಟ್ಟದು ಅಂದರೆ ಎಷ್ಟು? ಒಂದರ ಮೇಲೊಂದು ಇಟ್ಟ, ಮನೆ ಕಟ್ಟುವ ಎರಡು ಕೆಂಪುಕಲ್ಲಿನಷ್ಟೂ ಇಲ್ಲ, ಒಂದು ಟಿಫಿನ್ ಕ್ಯಾರಿಯರಿನಷ್ಟು. ಅದರೊಳಗೆ ಬ್ಯಾಟರಿ, ರೇಡಿಯೋ, ಕಂಪ್ಯೂಟರು, ದಿಕ್ಕು ತಿರುಗಿಸುವ ತಾಮ್ರದ ಸುರುಳಿ, ಕ್ಯಾಮೆರಾ ಎಲ್ಲ ಹಿಡಿಸಬೇಕು. ಕ್ಯಾಮೆರಾದ ಕೆಲಸ ನನ್ನದು. ರೇಡಿಯೋ ಮತ್ತು ಆಂಟೆನಾ ಶಿರ್ತಾಡಿಯಿಂದ ಬೈಕಿನಲ್ಲಿ ಬರುತ್ತಿದ್ದ ನನ್ನ ಗೆಳೆಯನದು. ಅವನು ಬಡಗಿಗಳ ಉಕ್ಕಿನ ಅಳತೆಪಟ್ಟಿ ಕತ್ತರಿಸಿ ಆಂಟೆನಾ ಮಾಡಿದವ. ಮಡಚಿ ಕಟ್ಟಿದರೆ ಸುಮ್ಮನೆ ಇರುತ್ತದೆ, ಬಿಟ್ಟರೆ ತಟ್ಟನೆ ನೆಟ್ಟಗೆ ನಿಲ್ಲುತ್ತದೆ. ನಮ್ಮಿಬ್ಬರ ಮೇಲೆ ಗೈಡ್ ಆಗಿ ಒಬ್ಬರು ಸರ್, ಬೆಳ್ತಂಗಡಿಯವರು, ದನಿ ಏರಿಸದ ಮನುಷ್ಯ. ನನಗಾದರೆ ಮೂಗಿನ ತುದಿಯಲ್ಲೇ ಸಿಟ್ಟು. ಲೆನ್ಸಿನ ಜಾಗಕ್ಕೆ ಯಾರಾದರೂ ಒಂದು ವಯರು ಚಾಚಿದರೆ ಬೊಬ್ಬೆ ಹಾಕುತ್ತಿದ್ದೆ.

"ಎಂತ ಮಾರಾಯ್ತಿ, ನಿನ್ನ ಕ್ಯಾಮೆರಾ ಒಂದೇ ಹೋಗುದಾ ಮೇಲೆ? ನಾವೆಲ್ಲ ಕೆಳಗಿಳಿಯುವುದಾ?" ಅಂತ ಶಿರ್ತಾಡಿಯವ ಕೇಳುತ್ತಿದ್ದ.

"ಹೌದು, ಇಳಿ. ಕಣ್ಣಿಲ್ಲದ ಉಪಗ್ರಹ ಯಾರಿಗೆ ಬೇಕು?"

ಹಾಗೆ ಹೇಳಿದವಳಿಗೆ ಮನೆಯಲ್ಲಿ ಏನು ಕಾದಿತ್ತೆಂದು ಗೊತ್ತಿರಲಿಲ್ಲ. ಡಿಸೈನ್ ನಡೆಯುತ್ತಿದ್ದ ಸಮಯದಲ್ಲೇ ಅಪ್ಪನ ಕಣ್ಣು ಕೆಡಲಾರಂಭಿಸಿತು. ಶುಗರ್ ಎಷ್ಟೋ ಕಾಲದಿಂದ ಇತ್ತು, ಮದುವೆಮನೆಗಳ ಊಟ ಬಿಡಲಾಗದ ಕಸುಬು ಬೇರೆ. ಕಣ್ಣಿನ ಒಳಪದರದಲ್ಲಿ ರಕ್ತ ಒಸರುತ್ತಿದೆ ಅಂತ ಮಂಗಳೂರಿನ ಡಾಕ್ಟರು ಹೇಳಿದರು. ಇಂಜೆಕ್ಷನ್, ಲೇಸರ್ ಎಲ್ಲ ಆಯಿತು. ಇದ್ದದ್ದನ್ನು ಸ್ವಲ್ಪ ಕಾಲ ಉಳಿಸಬಹುದು, ಹೋದದ್ದು ಬರುವುದಿಲ್ಲ ಅಂದರು.

ಬರುವಾಗ ಬಸ್ಸಿನಲ್ಲಿ ಕೇಳಿದೆ, "ಹೇಗೆ ಕಾಣ್ತದೆ ಅಪ್ಪ? ಮಸುಕು ಮಸುಕಾ?"

"ಮಸುಕು ಇಲ್ಲ ಮಗಾ. ಶಾಯಿ ಚೆಲ್ಲಿದ ಹಾಗೆ ಅಲ್ಲಲ್ಲಿ ಕಪ್ಪು. ಕಪ್ಪು ಇಲ್ಲದ ಜಾಗದಲ್ಲಿ ಎಲ್ಲ ಶಾರ್ಪ್ ಉಂಟು. ಆ ಎದುರು ಸೀಟಿನವನ ಕೂದಲು ಒಂದೊಂದೇ ಕಾಣ್ತದೆ, ಕಿವಿ ಮಾತ್ರ ಇಲ್ಲ."

ನಮ್ಮ ಮನೆಮಾತು ತುಳು. ಅಪ್ಪ ಇದನ್ನೆಲ್ಲ ತುಳುವಿನಲ್ಲೇ ಹೇಳಿದ್ದು. ಆದರೆ ಶಾರ್ಪ್, ಫೋಕಸ್, ಔಟ್ ಈ ಮಾತುಗಳು ಅವರ ಬಾಯಲ್ಲಿ ಯಾವ ಭಾಷೆಯಲ್ಲೂ ಹಾಗೆಯೇ ಬರುತ್ತಿದ್ದವು. ಆ ಕಿವಿ ಇಲ್ಲದವನನ್ನು ನೋಡಿ ಇಬ್ಬರೂ ನಕ್ಕೆವು. ಪಾಣೆಮಂಗಳೂರಿನ ಸೇತುವೆ ದಾಟುವಾಗ ನಾನು ಮುಖ ಆಚೆ ತಿರುಗಿಸಿ ಅತ್ತೆ.

ಅಪ್ಪನಿಗೆ ತೆಗೆಯದೆ ಉಳಿದ ಒಂದು ಫೋಟೋ ಇತ್ತು. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ, ಆಚೆ ಮೂಡುಬಿದಿರೆಯವರೆಗೆ ಅವರು ಮದುವೆ ಫೋಟೋ ತೆಗೆಯದ ಊರಿಲ್ಲ. ಗಲ್ಫಿಗೆ ಹೋದವರ ಪಾಸ್‌ಪೋರ್ಟುಗಳಲ್ಲಂತೂ ಅವರು ತೆಗೆದ ಮುಖಗಳೇ. ಈ ಊರುಗಳೆಲ್ಲ ಒಂದೇ ಫ್ರೇಮಿನಲ್ಲಿ ಬರಬೇಕು ಅಂತ ಅವರಿಗೆ ಪ್ರಾಯದ ಕಾಲದಿಂದಲೂ ಒಂದು ಮರುಳು. ಅದಕ್ಕಾಗಿಯೇ ಒಮ್ಮೆ ಬೆಳ್ತಂಗಡಿ ಹತ್ತಿರದ ಗಡಾಯಿಕಲ್ಲು ಎಂಬ ಬಂಡೆಬೆಟ್ಟವನ್ನು ಕ್ಯಾಮೆರಾ, ಸ್ಟ್ಯಾಂಡು ಹೊತ್ತು ಹತ್ತಿದ್ದರಂತೆ. ತುದಿ ಮುಟ್ಟುವಾಗ ಚಾರ್ಮಾಡಿ ಕಡೆಯಿಂದ ಮಂಜು ಇಳಿದು ಬಂದು, ತನ್ನ ಕೈ ತನಗೇ ಕಾಣಲಿಲ್ಲವಂತೆ. ಆದರೂ ಒಂದು ರೋಲು ಪೂರ್ತಿ ಮಂಜಿನ ಫೋಟೋ ತೆಗೆದು ಇಳಿದರು. "ಹತ್ತಿದ್ದು ದಂಡ ಆಗಬಾರದಲ್ಲ" ಅನ್ನುತ್ತಿದ್ದರು. ಆ ಬಿಳಿ ಪ್ರಿಂಟುಗಳಲ್ಲಿ ಒಂದು ಇವತ್ತಿಗೂ ಸ್ಟುಡಿಯೋದ ಗೋಡೆಯಲ್ಲುಂಟು. ಗಿರಾಕಿಗಳು ಇದೆಂತದು ಅಂತ ಕೇಳಿದರೆ, "ಅದು ಬೆಳ್ತಂಗಡಿ ತಾಲೂಕು, ಸರಿ ನೋಡಿ" ಅಂತ ತಮಾಷೆ ಮಾಡುತ್ತಿದ್ದರು.

ನಮ್ಮ ಉಪಗ್ರಹದ ಕ್ಯಾಮೆರಾದಲ್ಲಿ ಎಷ್ಟು ನೆಲ ಹಿಡಿಸುತ್ತದೆ ಎಂದು ಲೆಕ್ಕ ಹಾಕಿದ ದಿನ ನಾನು ಓಡಿಬಂದು ಹೇಳಿದ್ದು ಅಪ್ಪನಿಗೆ. ಪಶ್ಚಿಮದಲ್ಲಿ ಸಮುದ್ರ, ಪೂರ್ವದಲ್ಲಿ ಘಟ್ಟ, ನಡುವೆ ನಿಮ್ಮ ಅಷ್ಟೂ ಊರು ಒಂದೇ ಫ್ರೇಮಿನಲ್ಲಿ ಅಂದೆ.

ಅಪ್ಪ ಗೋಡೆಯ ಮಂಜಿನ ಫೋಟೋದ ಕಡೆ ತಿರುಗಿದರು. ಆಮೇಲೆ, "ಮದುಮಗಳ ಮೂಗುಬೊಟ್ಟು ಕಾಣ್ತದಾ?" ಅಂತ ಕೇಳಿದರು.

"ಮೂಗುಬೊಟ್ಟಾ? ಇಡೀ ಮದುವೆ ಹಾಲು, ಪಾರ್ಕಿಂಗು, ಪಕ್ಕದ ಗದ್ದೆ ಎಲ್ಲ ಸೇರಿ ಒಂದು ಚುಕ್ಕೆ ಅಪ್ಪ."

"ಒಂದು ಚುಕ್ಕೆಗೆ ಅಷ್ಟು ಕಷ್ಟವಾ?"

"ಅದು ಶಾರ್ಪ್ ಚುಕ್ಕೆ."

"ಹಾಗಾದ್ರೆ ಆಗಬಹುದು," ಅಂದರು. "ಕಣ್ಣು ಇರುವಾಗ ಒಮ್ಮೆ ತೋರಿಸು."

ಅಲ್ಲಿಂದ ಮುಂದೆ ನನಗೆ ಪ್ರಾಜೆಕ್ಟು ಅಂದರೆ ಅಷ್ಟೇ. ಮಣ್ಣಿನ ತೇವ, ಕಾಡಿನ ಹಸಿರು, ನದಿಯ ಹರಿವು ಅಂತ ಸರ್ ವರದಿಗಳಲ್ಲಿ ಬರೆಯುತ್ತಿದ್ದರು, ಅದೆಲ್ಲ ನಿಜವೇ. ನನ್ನ ಮಂಡೆಯಲ್ಲಿ ಇದ್ದದ್ದು ಒಂದೇ: ಅಪ್ಪನ ಕಪ್ಪು ಚುಕ್ಕೆಗಳು ಒಂದಕ್ಕೊಂದು ಕೂಡುವ ಮೊದಲು ಆ ಚಿತ್ರ ಬರಬೇಕು.

ಬೇಸಗೆಯಲ್ಲಿ ಲೆನ್ಸಿನ ಫೋಕಸ್ ಕೂರಿಸಿದೆವು. ಇದೊಂದು ಕಿರಿಕಿರಿಯ ಕೆಲಸ. ಮೇಲೆ ಹೋದ ಮೇಲೆ ಯಾರೂ ಲೆನ್ಸ್ ತಿರುಗಿಸುವುದಿಲ್ಲ, ಇಲ್ಲಿಂದಲೇ ಬಹಳ ದೂರಕ್ಕೆ ಫೋಕಸ್ ಮಾಡಿ, ಲೆನ್ಸನ್ನು ಅದರ ಲೋಹದ ಹಿಡಿಕೆಗೆ ಅಂಟು ಹಾಕಿ ಕೂರಿಸಿಬಿಡಬೇಕು. ಕಾಲೇಜಿನ ತಾರಸಿಯಿಂದ ಕೊಡಂಜೆಕಲ್ಲು ಕಾಣುತ್ತದೆ. ಆ ಬಂಡೆಯ ಅಂಚು ಕತ್ತರಿಸಿಟ್ಟ ಹಾಗೆ ಕಾಣುವ ತನಕ ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ತಿರುಗಿಸಿ, ಉಸಿರು ಹಿಡಿದು ಅಂಟು ಹಾಕಿದೆ. ಒಂದೇ ಥರದ ಎರಡು ಲೆನ್ಸುಗಳಿಗೆ ಹೀಗೆ ಮಾಡಿದೆವು. ಒಂದು ಹಾರುವುದಕ್ಕೆ, ಇನ್ನೊಂದು ಆಪತ್ತಿಗೆ.

ಅಷ್ಟರಲ್ಲಿ ಉಡಾವಣೆ ಮುಂದಕ್ಕೆ ಹೋಯಿತು. ಮಳೆ ಬಂತು. ಮೊದಲ ಮಳೆಗೇ ಲ್ಯಾಬಿನ ತೇವ ತೆಗೆಯುವ ಯಂತ್ರ ಕೆಟ್ಟು ಕೂತಿತು, ಅದರ ಬಿಡಿಭಾಗ ಬೆಂಗಳೂರಿನಿಂದ ಬರಬೇಕು, ಇವತ್ತು ಬರ್ತದೆ ನಾಳೆ ಬರ್ತದೆ. ಲ್ಯಾಬಿನ ಗೋಡೆಯೇ ಬೆವರುತ್ತಿತ್ತು. ಲೆನ್ಸುಗಳನ್ನು ಅಲ್ಲಿ ಇಡುವ ಹಾಗಿರಲಿಲ್ಲ. ಎರಡನ್ನೂ ಒಂದೇ ಕಡೆ ಇಡುವುದು ಬೇಡ ಅಂದರು ಸರ್. ಆಪತ್ತಿನ ಲೆನ್ಸನ್ನು ಶಿರ್ತಾಡಿಯವ ಒಯ್ದ. ಚಪ್ಪಲಿ ಪೆಟ್ಟಿಗೆಗಳಲ್ಲಿ ಬರುವ ತೇವ ಹೀರುವ ಪೊಟ್ಟಣಗಳನ್ನು ಒಟ್ಟು ಮಾಡಿ, ಒಂದು ಸ್ಟೀಲ್ ಡಬ್ಬದಲ್ಲಿ ತುಂಬಿಸಿ ಅದರೊಳಗೆ ಇಟ್ಟ. "ಅಜ್ಜಿ ಉಪ್ಪಿನಕಾಯಿ ಇಟ್ಟ ಹಾಗೆ" ಅಂತ ನಾನು ಅವನನ್ನು ಗೇಲಿ ಮಾಡಿದೆ. ಹಾರುವ ಲೆನ್ಸನ್ನು ನಾನು ತಂದೆ. ಮೆಲ್ಕಾರಿನಲ್ಲಿ ಅಪ್ಪನ ಬಲ್ಬಿನ ಕಪಾಟು ಇರುವಾಗ ಬೇರೆ ಜಾಗ ಯಾಕೆ? "ನಿಮ್ಮ ತಂದೆಯವರಿಗಿಂತ ಚೆಂದ ನೋಡಿಕೊಳ್ಳುವವರು ಯಾರಿದ್ದಾರೆ?" ಅಂತ ಸರ್ ಕೂಡ ಅಂದರು.

ಅಪ್ಪನ ಸಂಭ್ರಮ ಹೇಳಿ ಮುಗಿಯದು. ಕಪಾಟಿನ ತಳದ ಖಾನೆ ಗುಡಿಸಿ ಬಟ್ಟೆ ಹಾಸಿದರು. ಡಬ್ಬದೊಳಗಿದ್ದ ಲೆನ್ಸನ್ನು ಅಲ್ಲಿ ಇಡಲು ಹೇಳಿದವರೂ ಅವರೇ. "ಮೇಲೆ ಬೇಡ, ಬಲ್ಬಿಗೆ ಹತ್ತಿರ ಆಗ್ತದೆ. ಒಮ್ಮೆ ನನ್ನ ಜೂಮ್ ಲೆನ್ಸಿನ ಗ್ರೀಸು ಕರಗಿ ಇಳಿದಿತ್ತು" ಅಂದರು. ಬರುವ ಗಿರಾಕಿಗಳಿಗೆಲ್ಲ ಹೇಳಿದ್ದೇ ಹೇಳಿದ್ದು: ಒಳಗೆ ಉಪಗ್ರಹದ ಕಣ್ಣು ಉಂಟು, ಮಗಳದ್ದು, ಸದ್ಯ ನನ್ನ ಕಪಾಟಿನಲ್ಲಿ ಉಂಟು.

ಆ ವರ್ಷ ಮಳೆ ಬಿಡಲೇ ಇಲ್ಲ. ನಾನು ಮೂಡುಬಿದಿರೆಯ ಹಾಸ್ಟೆಲಿನಲ್ಲೇ ಉಳಿದಿದ್ದೆ. ಅಪ್ಪ ಫೋನಿನಲ್ಲಿ, "ಮಂಡೆ ಬಿಸಿ ಮಾಡ್ಬೇಡ, ನಿನ್ನ ಸೊತ್ತು ಬೆಚ್ಚಗೆ ಉಂಟು. ನಾನು ದಿನಾ ಮುಟ್ಟಿ ನೋಡ್ತೇನೆ" ಅನ್ನುತ್ತಿದ್ದರು. ಮುಟ್ಟಿ ನೋಡುವುದು ಅಂದರೆ ಏನೆಂದು ನಾನು ಯೋಚಿಸಲಿಲ್ಲ. ಅವರಿಗೆ ಆಗ ಫಂಗಸ್ ಬಂದಿದೆಯೋ ಇಲ್ಲವೋ ಕಣ್ಣಿನಲ್ಲಿ ನೋಡಿ ತಿಳಿಯುವಷ್ಟು ಕಾಣುತ್ತಿರಲಿಲ್ಲ. ಕೈಗೆ ಬೆಚ್ಚಗೆ ಹತ್ತಿದರೆ ಒಣಗಿದೆ ಅಂತ ಅರ್ಥ, ಅಷ್ಟೇ ಅವರಿಗೆ ಉಳಿದ ದಾರಿ.

ಲೆನ್ಸು ತರಲು ನಾನು ಹೋದ ದಿನ ಡಬ್ಬ ತಳದ ಖಾನೆಯಲ್ಲಿರಲಿಲ್ಲ, ಮೇಲಿನ ಖಾನೆಯಲ್ಲಿತ್ತು. ಬಲ್ಬಿನ ಮಗ್ಗುಲಿಗೇ. ಹಿಡಿದರೆ ಬಿಸಿ.

"ಇದು ಮೇಲೆ ಯಾಕೆ ಬಂತು ಅಪ್ಪ?"

"ಕೆಳಗೆ ತಂಪು ತಂಪು ಹತ್ತುತ್ತಿತ್ತು ಮಗಾ. ಬೇರೆಯವರ ಸೊತ್ತು, ಫಂಗಸ್ ಬಂದ್ರೆ ಎಂತ ಹೇಳುದು ಅಂತ ಹೆದರಿಕೆ ಆಯ್ತು. ಹಾಗೆ ಸ್ವಲ್ಪ ಮೇಲೆ ಇಟ್ಟೆ."

ಗಾಜನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದು ಎಳೆ ಫಂಗಸ್ ಇರಲಿಲ್ಲ, ಕನ್ನಡಿಯ ಹಾಗಿತ್ತು. "ಭಾರೀ ಲಾಯ್ಕ ಉಂಟು ಅಪ್ಪ" ಅಂದೆ. ಅವರ ಮುಖ ಅರಳಿತು.

ಕಾಲೇಜಿಗೆ ತಂದು ಲೆನ್ಸನ್ನು ಕ್ಯಾಮೆರಾಕ್ಕೆ ಜೋಡಿಸಿದೆವು. ಇನ್ನೊಮ್ಮೆ ಕೊಡಂಜೆಕಲ್ಲು ನೋಡಿ ಫೋಕಸ್ ಸರಿ ಉಂಟಾ ಅಂತ ಪರೀಕ್ಷಿಸಬೇಕಿತ್ತು. ತಾರಸಿಗೆ ಹೋಗಿ ನೋಡಿದರೆ ಕಲ್ಲೂ ಇಲ್ಲ, ಗುಡ್ಡವೂ ಇಲ್ಲ, ಎದುರಿನ ಹಾಸ್ಟೆಲೇ ಮಂಜಿನಲ್ಲಿ ಮುಳುಗಿತ್ತು. ಮರುದಿನವೂ ಹಾಗೆ, ಅದರ ಮರುದಿನವೂ ಹಾಗೆ. ಲ್ಯಾಬಿನೊಳಗೆ ಹತ್ತಿರದ ವಸ್ತು ನೋಡಿ ಪ್ರಯೋಜನವಿಲ್ಲ, ದೂರಕ್ಕೆ ಕೂರಿಸಿದ ಲೆನ್ಸಿನಲ್ಲಿ ಅದು ಹೇಗೂ ಮಸುಕಾಗಿಯೇ ಕಾಣಬೇಕು. ಉಪಗ್ರಹದ ಪೆಟ್ಟಿಗೆ ಉಡಾವಣೆಯ ಜಾಗಕ್ಕೆ ಹೊರಡುವ ದಿನ ಬಂದೇ ಬಿಟ್ಟಿತು. "ಅಂಟು ಹಾಕಿ ಕೂರಿಸಿದ್ದಲ್ವಾ, ಎಲ್ಲಿಗೆ ಹೋದೀತು?" ಅಂದರು ಸರ್. ನಮಗೆಲ್ಲ ಹೌದು ಅನ್ನಿಸಿತು.

ಮಳೆಗಾಲ ಕಳೆದ ಮೇಲೆ ನಮ್ಮ ಉಪಗ್ರಹ ಹಾರಿತು. ದೊಡ್ಡ ಉಪಗ್ರಹವೊಂದರ ಜೊತೆ, ತುಂಬಿದ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತು ಹೋಗುವವರ ಹಾಗೆ ಹೋಯಿತು. ಮೊದಲ ಸಲ ಕಾಲೇಜಿನ ಮೇಲಿಂದ ಹಾದಾಗ ತಾರಸಿಯ ಆಂಟೆನಾದಲ್ಲಿ ಅದರ ಕೀಚಲು ದನಿ ಕೇಳಿಸಿತು. ಶಿರ್ತಾಡಿಯವನ ಅಳತೆಪಟ್ಟಿ ನೆಟ್ಟಗೆ ನಿಂತಿತ್ತು. ಅವನು ಅಲ್ಲೇ ನೆಲದಲ್ಲಿ ಕೂತು ಅತ್ತುಬಿಟ್ಟ. "ಥೂ, ಎದ್ದೇಳು ಮಾರಾಯ, ಹುಟ್ಟಿದ ಮಗು ಅತ್ತರೆ ಸಾಕು, ಅಪ್ಪ ಅಳುವುದು ಯಾಕೆ?" ಅಂತ ಬೈದ ನಾನೂ ಕಣ್ಣೊರೆಸಿಕೊಂಡೆ.

ಚಿತ್ರ ತೆಗೆಯಲು ಒಳ್ಳೆಯ ಬಿಸಿಲು ಬೇಕು. ಡಿಸೆಂಬರಿನಲ್ಲಿ ಆಕಾಶ ತೊಳೆದ ಹಾಗಾಯಿತು. ಒಂದು ದಿನ ಬೆಳಗ್ಗೆ ಉಪಗ್ರಹ ನಮ್ಮ ನೆಲದ ಮೇಲೆ ಹಾದು ಹೋಗುವಾಗ ಚಿತ್ರ ತೆಗೆಯುವಂತೆ ಆದೇಶ ಕಳಿಸಿದೆ. ತೆಗೆದ ಚಿತ್ರ ಒಂದೇ ಸಲ ಇಳಿಯುವುದಿಲ್ಲ. ಸಣ್ಣ ರೇಡಿಯೋ, ಮೇಲಿಂದ ಹಾದುಹೋಗುವ ಸ್ವಲ್ಪ ಹೊತ್ತಿನಲ್ಲಿ ಎಷ್ಟು ಬರುತ್ತದೋ ಅಷ್ಟೇ, ಉಳಿದದ್ದು ಮುಂದಿನ ಸಲ. ಕಂಪ್ಯೂಟರು ಎಲ್ಲವನ್ನೂ ಜೋಡಿಸಿ ಚಿತ್ರ ಬಿಡಿಸುವ ದಿನಕ್ಕೆ ಅಪ್ಪನನ್ನು ಕರೆದುಕೊಂಡು ಬಂದೆ.

ಆಗ ಅವರ ಒಂದು ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಇನ್ನೊಂದರಲ್ಲಿ ಕಪ್ಪಿನ ನಡುವೆ ನಾಲ್ಕು ಕಿಂಡಿ ಉಳಿದಿದ್ದವು. ಇಸ್ತ್ರಿ ಹಾಕಿದ ಬಿಳಿ ಅಂಗಿ ಹಾಕಿಕೊಂಡಿದ್ದರು, ಮದುವೆಮನೆಗೆ ಹೋಗುವಾಗ ಹಾಕುವಂಥದ್ದು. ಬಿ.ಸಿ.ರೋಡಿನಿಂದ ಸಿದ್ಧಕಟ್ಟೆ ದಾರಿಯ ಬಸ್ಸು. ದಾರಿಯುದ್ದಕ್ಕೂ ತಿರುವಿನ ಲೆಕ್ಕದಲ್ಲಿ ಊರು ಹೇಳುತ್ತಾ ಬಂದರು. ಇಲ್ಲಿ ಇಂಥವರ ಮನೆ, ಆ ಮದುವೆಯಲ್ಲಿ ಕರೆಂಟು ಹೋಗಿ ಪೆಟ್ರೋಮ್ಯಾಕ್ಸಿನಲ್ಲಿ ಫೋಟೋ ತೆಗೆದದ್ದು. ಇಲ್ಲಿ ಮದುಮಗ ಕಣ್ಣು ಮುಚ್ಚುವುದು ಬಿಡಲೇ ಇಲ್ಲ. "ಇವತ್ತು ಎಲ್ಲ ಒಂದೇ ಫ್ರೇಮಿನಲ್ಲಿ, ಅಲ್ವಾ?" ಅಂತ ಎರಡು ಮೂರು ಸಲ ಕೇಳಿದರು.

ಆ ಸಣ್ಣ ಕೋಣೆಯಲ್ಲಿ ಸರ್, ಶಿರ್ತಾಡಿಯವ, ಪ್ರಿನ್ಸಿಪಾಲರು, ವಿದ್ಯಾರ್ಥಿಗಳು, ಪತ್ರಿಕೆಯವರು ತುಂಬಿದ್ದರು. ಅಪ್ಪನಿಗೆ ಪರದೆಗೆ ತೀರ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದೆ. ಚಿತ್ರ ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಮೂಡತೊಡಗಿತು. ಹಿಂದೆ ಡಾರ್ಕ್‌ರೂಮಿನಲ್ಲಿ ಟ್ರೇಯ ನೀರಿನೊಳಗೆ ಕಾಗದದ ಮೇಲೆ ಮುಖ ಏಳುವುದನ್ನು ಅಪ್ಪನ ಮೊಣಕೈ ಹಿಡಿದು ನೋಡುತ್ತಿದ್ದೆ ಚಿಕ್ಕವಳಿದ್ದಾಗ. ಆವತ್ತೂ ಅವರ ಮೊಣಕೈ ಹಿಡಿದಿದ್ದೆ.

ಎರಡನೆಯ ಪಟ್ಟಿ ಬರುವಾಗಲೇ ನನಗೆ ಗೊತ್ತಾಯಿತು. ದೇವರೇ, ಔಟ್. ಪೂರ್ತಿ ಔಟ್ ಆಫ್ ಫೋಕಸ್. ಘಟ್ಟದ ಅಂಚು ಹತ್ತಿ ಹಿಂಜಿದ ಹಾಗೆ, ನೇತ್ರಾವತಿ ಒಂದು ಒದ್ದೆಯ ಕಲೆಯ ಹಾಗೆ. ಗಡಾಯಿಕಲ್ಲು ಇರಬೇಕಾದಲ್ಲಿ ಒಂದು ಬೂದು ಮಚ್ಚೆ. ಊರುಗಳು ಎಲ್ಲೆಲ್ಲಿ ಶುರು, ಎಲ್ಲೆಲ್ಲಿ ಮುಗಿಯುತ್ತವೆ, ಏನೂ ಇಲ್ಲ. ಸಮುದ್ರದ ನೀಲಿ ಮಾತ್ರ ನೀಲಿ.

ಉಳಿದವರು ಚಪ್ಪಾಳೆ ತಟ್ಟಿದರು. ಅದೂ ಸಹಜವೇ, ಅವರಿಗೆ ಸಮುದ್ರ ಕಂಡಿತು, ಘಟ್ಟ ಕಂಡಿತು, ನಾವು ಮಾಡಿದ ಡಬ್ಬ ಆಕಾಶದಿಂದ ಚಿತ್ರ ಕಳಿಸಿತು. "ಸ್ವಲ್ಪ ಮಂಜು ಇತ್ತೇನೋ" ಅಂದರು ಪ್ರಿನ್ಸಿಪಾಲರು. ಪತ್ರಿಕೆಯವರು ಪರದೆಯ ಮುಂದೆ ನಿಲ್ಲಲು ಹೇಳಿದರು. ಸರ್ ನನ್ನನ್ನೇ ನೋಡುತ್ತಿದ್ದರು, ಅವರಿಗೆ ತಿಳಿದಿತ್ತು.

ಅಪ್ಪ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ತಲೆಯನ್ನು ಆಚೆ ಈಚೆ ತಿರುಗಿಸಿ, ಉಳಿದ ಕಿಂಡಿಗಳಿಂದ ಒಂದೊಂದು ಮೂಲೆಯನ್ನೂ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಹಿಂದೆ ಒರಗಿ ಕೂತು, ಎಲ್ಲರಿಗೂ ಕೇಳುವ ಹಾಗೆ ಅಂದರು, "ನನಗೆ ಎಲ್ಲ ಮಸುಕು ಮಸುಕು ಕಾಣ್ತದೆ ಮಗಾ. ಕಣ್ಣು ಹೋಯ್ತು."

"ಇಲ್ಲ ಅಪ್ಪ, ನಿಮ್ಮ ಕಣ್ಣಲ್ಲ. ಚಿತ್ರವೇ ಹಾಗೆ ಉಂಟು. ಫೋಕಸ್..."

"ಸುಮ್ಮನೆ ಸಮಾಧಾನ ಹೇಳ್ಬೇಡ. ಇಷ್ಟು ಜನ ಚಪ್ಪಾಳೆ ಹೊಡೀತಾ ಇದ್ದಾರೆ, ಚಿತ್ರ ಹಾಳು ಅಂತೀಯಲ್ಲ." ನನ್ನ ಕೈ ಹಿಡಿದುಕೊಂಡರು. "ನೀನು ಹೇಳು, ನಾನು ಕೇಳ್ತೇನೆ. ಗಡಾಯಿಕಲ್ಲು ಎಲ್ಲಿ ಉಂಟು?"

ನಾನು ಹೇಳಿದೆ. ಇನ್ನೇನು ಮಾಡಲಿ? ಅವರ ಬೆರಳು ಹಿಡಿದು ಪರದೆಯ ಮೇಲೆ ಇಟ್ಟು ಹೇಳುತ್ತಾ ಹೋದೆ. ಇದು ಗಡಾಯಿಕಲ್ಲು. ಇದು ಚಾರ್ಮಾಡಿಯಲ್ಲಿ ರಸ್ತೆ ಘಟ್ಟ ಹತ್ತಲು ಶುರುವಾಗುವ ಜಾಗ. ಹೊಳೆ ಹೀಗೆ ಬಂದು ಬಂಟ್ವಾಳದಲ್ಲಿ ಹೀಗೆ ಬಳುಕುತ್ತದೆ. ಇಲ್ಲಿ ಮೂಡುಬಿದಿರೆ, ಈಗ ನಾವು ಕೂತ ಚುಕ್ಕೆ. ನನಗೆ ಅದೊಂದೂ ಕಾಣುತ್ತಿರಲಿಲ್ಲ. ಬಾಯಿಪಾಠ ಮಾಡಿದ ನಕ್ಷೆಯಿಂದ ಹೇಳಿದೆ. ಅಪ್ಪ ಪ್ರತಿಯೊಂದಕ್ಕೂ ಹೂಂ ಹೂಂ ಅಂದರು.

ಯಾಕೆ ಹೀಗಾಯಿತು ಅಂತ ಹುಡುಕುವುದಕ್ಕೆ ಬಹಳ ಕಷ್ಟಪಡಬೇಕಾಗಲಿಲ್ಲ. ಶಿರ್ತಾಡಿಯವ ಸ್ಟೀಲ್ ಡಬ್ಬ ತಂದ. ಉಪ್ಪಿನಕಾಯಿ ಥರ ಇಟ್ಟಿದ್ದ ಆ ಲೆನ್ಸಿನಲ್ಲಿ ಕೊಡಂಜೆಕಲ್ಲು ಕತ್ತರಿಸಿಟ್ಟ ಹಾಗೆ ಕಂಡಿತು. ಎರಡೂ ಒಂದೇ ಲೆನ್ಸು, ಒಂದೇ ಅಂಟು, ಒಂದೇ ಕೈ. ಬೇರೆ ಇದ್ದದ್ದು ಮಳೆಗಾಲ ಕಳೆದ ಜಾಗ ಮಾತ್ರ. ಅದೇ ಅಂಟು ಹಾಕಿದ ಇನ್ನೊಂದು ಹಿಡಿಕೆಯನ್ನು ಬಿಸಿಯಲ್ಲಿಟ್ಟು ನೋಡಿದೆವು. ವಾರಗಟ್ಟಲೆ ಬಿಸಿಯಲ್ಲಿದ್ದರೆ ಅಂಟು ಮೆಲ್ಲಗೆ ಸಡಿಲಾಗಿ ಲೆನ್ಸು ಕೂದಲೆಳೆಯಷ್ಟು ಜರುಗುತ್ತದೆ. ಅಷ್ಟು ಸಾಕು.

ಶಿರ್ತಾಡಿಯವ ತಮಾಷೆ ಮಾಡಲಿಲ್ಲ. "ನಿನ್ನ ಅಪ್ಪನಿಗೆ ಹೇಳ್ಬೇಡ" ಅಂದ ಅಷ್ಟೇ.

ಹೇಗೆ ಹೇಳುವುದು? ಹೇಳದಿದ್ದರೆ ಅಪ್ಪ ತನ್ನ ಕಣ್ಣು ಪೂರ್ತಿ ಹೋಯಿತು ಅಂತ ನಂಬಿ ಕೂರುತ್ತಾರೆ. ಚಿತ್ರವೇ ಹಾಳು, ನಿಮ್ಮ ಕಣ್ಣಲ್ಲ ಅಂತ ನಂಬಿಸಬೇಕಾದರೆ ಚಿತ್ರ ಯಾಕೆ ಹಾಳಾಯಿತು ಅಂತ ಹೇಳಬೇಕು. ಬೆಚ್ಚಗಿರಲಿ ಅಂತ ದಿನಾ ಮುಟ್ಟಿ ನೋಡಿದ ಮನುಷ್ಯನಿಗೆ, ಕೆಡಿಸಿದ್ದು ನಿಮ್ಮ ಬಿಸಿಯೇ ಅಂತ ಯಾವ ಬಾಯಲ್ಲಿ ಹೇಳಲಿ? ವಾರದ ರಜೆಯಲ್ಲಿ ಮನೆಗೆ ಹೋದರೆ ಅಪ್ಪನ ಎದುರು ಕೂತು ಊಟ ಮಾಡಲಾಗುತ್ತಿರಲಿಲ್ಲ. ಅಮ್ಮ ಎಂತ ಆಯ್ತು ಅಂತ ಕೇಳಿದರೆ ಅವಳ ಮೇಲೇ ರೇಗುತ್ತಿದ್ದೆ.

ಅಪ್ಪ ಫೋಟೋ ತೆಗೆಯುವುದನ್ನು ಬಿಟ್ಟರು. ಸ್ಟುಡಿಯೋ ಬಾಗಿಲು ಮಾತ್ರ ತೆಗೆದು ಕೂರುತ್ತಿದ್ದರು. ಪಕ್ಕದ ಝೆರಾಕ್ಸ್ ಅಂಗಡಿಯವರು ಯಾರಾದರೂ ಗಿರಾಕಿ ಬಂದರೆ ತಾವೇ ಬಂದು ತೆಗೆದು ಕೊಡುತ್ತಿದ್ದರು. ಬೇಸಗೆ ಮುಗಿಯುವಷ್ಟರಲ್ಲಿ ಕಪ್ಪು ಚುಕ್ಕೆಗಳೆಲ್ಲ ಕೂಡಿ ಅಪ್ಪನಿಗೆ ಏನೂ ಕಾಣದ ಹಾಗಾಯಿತು.

ಮತ್ತೆ ಮಳೆ ಬಂತು. ಒಂದು ಭಾನುವಾರ ಮಧ್ಯಾಹ್ನ ಸ್ಟುಡಿಯೋಗೆ ಹೋದವಳು ಹಿಂದಿನ ಕೋಣೆಯ ಕಪಾಟು ತೆರೆದೆ. ಒಳಗೆ ಕತ್ತಲು. ಬಲ್ಬು ಸುಟ್ಟಿರಬೇಕೆಂದು ಕೈ ಹಾಕಿದರೆ ಬಲ್ಬೇ ಇಲ್ಲ, ಬರೀ ಹೋಲ್ಡರು. ಅಪ್ಪನ ಮೂರು ಲೆನ್ಸುಗಳೂ ಅಲ್ಲೇ ಇದ್ದವು. ಹೊರಗೆ ತಂದು ಬೆಳಕಿಗೆ ಹಿಡಿದೆ. ಮೂರಕ್ಕೂ ಬೆಳ್ಳಗೆ ಫಂಗಸ್ ಹಬ್ಬಿತ್ತು. ಅಪ್ಪ ಜೀವದ ಹಾಗೆ ಕಾಪಾಡಿದ ಗಾಜು.

ಅಪ್ಪನನ್ನು ಕೇಳಲು ಧೈರ್ಯ ಸಾಲದೆ, ಹಿಂದಿನ ಬಾಗಿಲಾಚೆ ನಿಂತು ಅಮ್ಮನಿಗೆ ಫೋನು ಮಾಡಿ ಬೊಬ್ಬೆ ಹಾಕಿದೆ, ಬಲ್ಬು ತೆಗೆದದ್ದು ಯಾರು ಅಂತ.

"ನಾನಲ್ಲಪ್ಪ. ಅವರೇ ತೆಗೆದದ್ದು, ಯಾವಾಗಲೋ. ನಿನ್ನ ಚಿತ್ರ ನೋಡಿ ಆದ ಮೇಲೆ ನೀನು ಅವರನ್ನು ಬಸ್ಸು ಹತ್ತಿಸಿ ಕಳಿಸಿದ್ಯಲ್ಲ, ಆ ದಿನವೇ. ಬಸ್ಸಿಳಿದವರು ಮನೆಗೆ ಬರದೆ ಸೀದಾ ಸ್ಟುಡಿಯೋಗೆ ಹೋಗಿ ತೆಗೆದಿಟ್ಟು ಬಂದ್ರು. ಯಾಕೆ ಕೇಳಿದ್ರೆ, ಇನ್ನು ಅದರ ಅಗತ್ಯ ಇಲ್ಲ ಅಂದ್ರು."

ಆ ದಿನವೇ. ಶಿರ್ತಾಡಿಯವನ ಡಬ್ಬ ತೆರೆಯುವ ಮೊದಲು, ನಾವು ಅಂಟು ಬಿಸಿ ಮಾಡಿ ನೋಡುವ ಮೊದಲು. ಮಂಗಳೂರಿನಿಂದ ಬರುವ ಬಸ್ಸಿನಲ್ಲಿ ಅಪ್ಪ ಹೇಳಿದ್ದು ಆಗ ನೆನಪಾಯಿತು: ಮಸುಕು ಇಲ್ಲ ಮಗಾ, ಕಪ್ಪು ಇಲ್ಲದ ಜಾಗದಲ್ಲಿ ಎಲ್ಲ ಶಾರ್ಪ್ ಉಂಟು. ಅವರ ಕಣ್ಣಿಗೆ ಮಸುಕು ಅನ್ನುವುದು ಇರಲೇ ಇಲ್ಲ. ಜೀವಮಾನವಿಡೀ ಫೋಕಸ್ ನೋಡಿದವರು, ಆ ಪರದೆಯ ಮುಂದೆ ಕೂತು ಒಂದೊಂದು ಮೂಲೆ ನೋಡಿ ಎಲ್ಲ ತಿಳಿದುಕೊಂಡಿದ್ದರು. ಮೇಲಿನ ಖಾನೆಯನ್ನೂ ನೆನಪು ಮಾಡಿಕೊಂಡಿದ್ದರು. ಚಿತ್ರದಲ್ಲಿ ಇಲ್ಲದ ಗಡಾಯಿಕಲ್ಲನ್ನು ನಾನು ತೋರಿಸುವಾಗ ಹೂಂ ಹೂಂ ಅಂದಿದ್ದರು.

ಮುಂದಿನ ಕೋಣೆಯಲ್ಲಿ ಅಪ್ಪ ಗೋಡೆಗೆ ಒರಗಿ ಕೂತಿದ್ದರು. ತಲೆಯ ಮೇಲೆ ಅವರ ಮಂಜಿನ ಫೋಟೋ. ನಾನು ಖಾನೆಯಿಂದ ಒಂದು ಹಳೆಯ ಬಲ್ಬು ಹುಡುಕಿ ಕಪಾಟಿಗೆ ಸಿಕ್ಕಿಸಿ ಸ್ವಿಚ್ಚು ಹಾಕಿದೆ. ಆ ಟಿಕ್ ಸದ್ದಿಗೆ ಅಪ್ಪ ತಲೆಯೆತ್ತಿದರು.

"ಯಾಕೆ ಉರಿಸ್ತೀ ಮಗಾ? ಬೇಡ, ಬಿಡು."

ಹತ್ತಿರ ಹೋಗಿ ನೆಲದಲ್ಲಿ ಕೂತೆ. "ಆವತ್ತು ಚಿತ್ರವೇ ಮಸುಕು ಇದ್ದದ್ದು. ನಿಮಗೆ ಗೊತ್ತಿತ್ತು ಅಪ್ಪ."

ಅವರು ಇಲ್ಲ ಅನ್ನಲಿಲ್ಲ. ಕೈ ಚಾಚಿ ನನ್ನ ಭುಜ ಹುಡುಕಿದರು. ಆಮೇಲೆ ಹೇಳಿದರು, "ಕ್ಯಾಮೆರಾ ಹಾಳು ಮಾಡಿದವ ನಿನ್ನ ಅಪ್ಪ ಅಂತ ಅಷ್ಟು ಜನರ ಎದುರು ನಿನ್ನ ಬಾಯಲ್ಲಿ ಬರಬಾರದಿತ್ತು. ಕಣ್ಣು ಹೇಗೂ ಹೋಗುವುದೇ ಅಲ್ವಾ ಮಗಾ. ತಪ್ಪು ಅದರ ಮೇಲೆ ಹಾಕಿದೆ."

ನಾನು ಅವರ ಮೊಣಕಾಲಿಗೆ ಮುಖ ಒತ್ತಿ ಅತ್ತೆ. ಅವರು ನನ್ನ ತಲೆ ಸವರುತ್ತಾ, "ಫಂಗಸ್ ಬಂದಿರಲಿಲ್ಲ ಅಲ್ವಾ ಅದಕ್ಕೆ? ಒಂದು ಎಳೆಯೂ?" ಅಂತ ಕೇಳಿದರು.

"ಇಲ್ಲ ಅಪ್ಪ. ಒಂದು ಎಳೆಯೂ ಇರಲಿಲ್ಲ."

ಆಗ ಬಾಗಿಲಲ್ಲಿ ಯಾರೋ ಕೊಡೆ ಮಡಚುವ ಸದ್ದಾಯಿತು. "ಪಾಸ್‌ಪೋರ್ಟ್ ಫೋಟೋ ಉಂಟಾ?" ಒಬ್ಬ ಹುಡುಗಿಯ ದನಿ. ಝೆರಾಕ್ಸ್ ಅಂಗಡಿ ಭಾನುವಾರ ಮುಚ್ಚಿತ್ತು. ಇಲ್ಲ ಅನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಎದ್ದು ನಿಂತಿದ್ದರು. ಗೋಡೆ ಸವರಿಕೊಂಡು ಹೋಗಿ ದೀಪದ ಸ್ವಿಚ್ಚು ಹಾಕಿದರು. ಕ್ಯಾಮೆರಾ ಎತ್ತಿ ನನ್ನ ಕೈಗೆ ಕೊಟ್ಟರು. ಅಂಗಿಯ ಕಾಲರು ಸರಿಮಾಡಿಕೊಂಡು, ಸ್ಟೂಲಿನ ಕಡೆ ಮುಖ ತಿರುಗಿಸಿ, ಮೊದಲಿನ ಅದೇ ದನಿಯಲ್ಲಿ ಹೇಳಿದರು.

"ಗದ್ದ ಸ್ವಲ್ಪ ಕೆಳಗೆ. ಹಾಂ, ಅಷ್ಟೇ. ಭಾರೀ ಲಾಯ್ಕ ಉಂಟು."

ಹುಡುಗಿ ಇನ್ನೂ ಬಾಗಿಲಲ್ಲೇ ನಿಂತಿದ್ದಳು. ಸ್ಟೂಲಿನ ಮೇಲೆ ಯಾರೂ ಕೂತಿರಲಿಲ್ಲ.